ಯಾರಿಗೆ ಹೇಳಬೇಕು, ಯಾರಿಗೆ ಬೇಡ: ಒಂದು ಕುಷ್ಠರೋಗ ಪ್ರಕರಣ

(ಗುರುತು ಸಿಗದಂತೆ ಹೆಸರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಸಾವಿತ್ರಿಗೆ ಮೂವತ್ತು ದಾಟಿದೆ. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಇಸ್ತ್ರಿ ಕೆಲಸ. ಗಂಡ ಆಟೊ ಓಡಿಸುತ್ತಾರೆ. ಮನೆಯಲ್ಲಿ ಅತ್ತೆ, ಮದುವೆಗೆ ಬಂದ ನಾದಿನಿ, ಏಳು ವರ್ಷದ ಮಗ. ಬೆನ್ನ ಮೇಲೆ, ಮೊಣಕೈ ಹತ್ತಿರ ಮಾಸಲು ಮಚ್ಚೆಗಳೆದ್ದು ವರ್ಷವಾಗಿತ್ತು. ತೊನ್ನು ಅಂದುಕೊಂಡು ಮೆಡಿಕಲ್ ಸ್ಟೋರಿನ ಮುಲಾಮು ಹಚ್ಚಿದ್ದರು. ಅತ್ತೆಯ ಪ್ರಕಾರ ಅದು ನಾಗದೋಷ. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತಿದ್ದರು. ಒಂದು ದಿನ ಇಸ್ತ್ರಿಪೆಟ್ಟಿಗೆ ತಗುಲಿ ಕೈಯಲ್ಲಿ ಬೊಬ್ಬೆ ಎದ್ದರೂ ಇವರಿಗೆ ಗೊತ್ತೇ ಆಗಿಲ್ಲ. ಪಕ್ಕದ ಟೇಬಲ್ಲಿನ ಹುಡುಗಿ "ಅಕ್ಕಾ, ಕೈ ನೋಡ್ಕೊಳ್ಳಿ" ಎಂದು ಕೂಗಿದ ಮೇಲೆಯೇ ಸರ್ಕಾರಿ ಆಸ್ಪತ್ರೆಗೆ ಹೋದದ್ದು. ತೊನ್ನಿನ ಮಚ್ಚೆ ಹಾಲುಬಿಳುಪು, ಮುಟ್ಟಿದರೆ ತಿಳಿಯುತ್ತದೆ. ಕುಷ್ಠದ ಮಚ್ಚೆ ಮಾಸಲು ಅಥವಾ ಕೆಂಪಗಿದ್ದು ಸ್ಪರ್ಶ ಕುಂದಿರುತ್ತದೆ. ಇಷ್ಟು ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಆಪ್ತಸಮಾಲೋಚನೆಗೆಂದು ನನ್ನೆದುರು ಕೂತವರೇ, "ಮೇಡಂ, ನಮ್ಮನೆಯವ್ರಿಗೆ ಮಾತ್ರ ಹೇಳ್ಬೇಡಿ" ಅಂದರು. ಮಚ್ಚೆ ಐದಕ್ಕಿಂತ ಹೆಚ್ಚಿದ್ದುದರಿಂದ ವೈದ್ಯರು ಹನ್ನೆರಡು ತಿಂಗಳ ಮಾತ್ರೆ ಬರೆದಿದ್ದರು: ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್, ಮೂರೂ ಉಚಿತ. ಮಾತ್ರೆಯ ಹಾಳೆ ರಾಗಿಡಬ್ಬದೊಳಗೆ ಅಡಗಿತ್ತು. ಹಬ್ಬಕ್ಕೆ ನೆಂಟರು ಬಂದ ವಾರವಿಡೀ ನುಂಗಿರಲಿಲ್ಲ.

ಗಂಡ "ಯಾರಿಂದ ತಂದೆ?" ಎಂದು ಕೇಳಿಬಿಟ್ಟರೆ ಏನು ಹೇಳಲಿ ಎಂಬುದೇ ಅವರ ದೊಡ್ಡ ಭಯ. ನನಗೂ ಅದೇ ಮುಖ್ಯವೆನಿಸಿತು, ಹಾಗಾಗಿ ರೋಗದ ಕಾರಣವನ್ನು ಅಲ್ಲಿಂದಲೇ ವಿವರಿಸಿದೆ. ಇದು ಪಾಪವೂ ಅಲ್ಲ, ದೋಷವೂ ಅಲ್ಲ, ಒಂದು ಬ್ಯಾಕ್ಟೀರಿಯಾ. ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲೇ ಅದನ್ನು ಗುರುತಿಸಿದರು. ಭಾರೀ ನಿಧಾನಸ್ಥ ಜೀವಿ: ಒಂದು ಎರಡಾಗಲು ಸುಮಾರು ಎರಡು ವಾರ ಬೇಕು, ಪ್ರಯೋಗಾಲಯದ ತಟ್ಟೆಯಲ್ಲಿ ಅದನ್ನು ಬೆಳೆಸಲು ಇವತ್ತಿಗೂ ಆಗಿಲ್ಲ. ಒಳಹೊಕ್ಕ ಮೇಲೆ ಮಚ್ಚೆ ಕಾಣಿಸಲು ಸರಾಸರಿ ಐದು ವರ್ಷ, ಕೆಲವರಿಗೆ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಯಾರಿಂದ ಬಂತೆಂದು ಪತ್ತೆ ಮಾಡಹೊರಡುವುದು ವ್ಯರ್ಥ. ಹೆಚ್ಚಿನವರ ದೇಹ ಅದನ್ನು ತಾನಾಗಿಯೇ ಹತ್ತಿಕ್ಕುತ್ತದೆ.

ಗುಟ್ಟು ನಾನು ಬಿಟ್ಟುಕೊಡುವುದಿಲ್ಲ ಎಂದೆ. ಆದರೆ ಮನೆಯವರೆಲ್ಲರ ಚರ್ಮ ಪರೀಕ್ಷೆ ಆಗಬೇಕು, ರೋಗವಿಲ್ಲದವರಿಗೆ ಮುಂಜಾಗ್ರತೆಗೆ ಒಂದೇ ಒಂದು ಸಲ ರಿಫಾಂಪಿಸಿನ್ ಕೊಡುತ್ತಾರೆ. ಮಗನಿಗಾದರೂ ಅದು ಸಿಗಬೇಡವೇ? ಈ ಮಾತಿಗೆ ಅವರು ಒಪ್ಪಿದರು. ಗಂಡನನ್ನು ಕರೆತಂದು ನನ್ನ ಕೋಣೆಯಲ್ಲೇ, ತಾವೇ ಹೇಳಿದರು.

ಆತ ಮೊದಲು ಕೇಳಿದ್ದು ವಿಚ್ಛೇದನದ ಬಗ್ಗೆ. ಸಿಟ್ಟಲ್ಲ, ದಿಗಿಲು. ಕುಷ್ಠರೋಗದ ಕಾರಣಕ್ಕೆ ವಿಚ್ಛೇದನ ಕೇಳುವ ಅವಕಾಶವನ್ನು ಹಿಂದೂ ವಿವಾಹ ಕಾಯ್ದೆಯಿಂದ 2019ರಲ್ಲೇ ತೆಗೆದುಹಾಕಿದ್ದಾರೆ ಎಂದು ನೇರವಾಗಿ ಹೇಳಿದೆ. ಇಂಥ ಕಡೆ ಮೆದುವಾಗಿ ಮಾತಾಡಿ ಪ್ರಯೋಜನವಿಲ್ಲ. ಅತ್ತೆಯ ಜೊತೆಗೆ ಬೇರೆಯೇ ದಾರಿ ಹಿಡಿಯಬೇಕಾಯಿತು. ಅವರು ಆಗಲೇ ಸೊಸೆಗೆ ತಟ್ಟೆ-ಲೋಟ ಬೇರೆ ಮಾಡಿದ್ದರು. "ಘಾಟಿಗೆ ಹೋಗಿಬನ್ನಿ ಅಮ್ಮ, ಮಾತ್ರೆ ಮಾತ್ರ ಜೊತೆಗಿರಲಿ. ತಟ್ಟೆಯಿಂದ ಇದು ಅಂಟುವುದಿಲ್ಲ. ಔಷಧ ತಗೊಳ್ಳದವರ ಜೊತೆ ತಿಂಗಳುಗಟ್ಟಲೆ ಒತ್ತಿಗೇ ಇದ್ದರೆ, ಅವರ ಮೂಗು-ಬಾಯಿಯ ಹನಿಯಿಂದ ಹರಡುತ್ತೆ. ನಿಮ್ಮ ಸೊಸೆ ಔಷಧ ತಗೊಳ್ತಿದ್ದಾಳೆ" ಎಂದೆ. ಪೂರ್ತಿ ನಂಬಲಿಲ್ಲ, ತಲೆ ಅಲ್ಲಾಡಿಸಿದರು.

ಕ್ಲೋಫಾಜಿಮಿನ್‌ನಿಂದ ಮೈ ಕಪ್ಪಾಗುತ್ತದೆ. ಕೋರ್ಸ್ ಮುಗಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಡದಿದ್ದರೆ "ರೋಗ ಏರಿತು" ಎಂದು ಅವರೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾದರೂ ಹೆದರಬೇಕಿಲ್ಲ. ಹೆದರಬೇಕಾದದ್ದು ಬೇರೆ: ಮಚ್ಚೆಗಳು ದಿಢೀರನೆ ಕೆಂಪಗೆ ಊದಿದರೆ, ಮೊಣಕೈ ನರ ನೋಯತೊಡಗಿದರೆ, ಬೆರಳಿನ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಸ್ಟೀರಾಯ್ಡ್ ಬೇಗ ಸಿಕ್ಕರೆ ಕೈ ಉಳಿಯುತ್ತದೆ. ಆಗಲೂ ಮೂಲ ಮಾತ್ರೆ ನಿಲ್ಲಿಸುವಂತಿಲ್ಲ. ಬಿಸಿ ಪಾತ್ರೆಗೆ ಬಟ್ಟೆ ಹಿಡಿಯುವುದು, ರಾತ್ರಿ ಮಲಗುವ ಮುಂಚೆ ಕೈಕಾಲಲ್ಲಿ ಗಾಯವಿದೆಯೇ ಎಂದು ನೋಡಿಕೊಳ್ಳುವುದು, ಇವನ್ನೂ ಹೇಳಿದೆ.

ಫ್ಯಾಕ್ಟರಿಯಲ್ಲಿ ರೋಗದ ಹೆಸರು ಹೇಳಬೇಕಿಲ್ಲ. ಕೈ ಜೋಮು ಹಿಡಿಯುತ್ತದೆ ಎಂಬ ವೈದ್ಯರ ಚೀಟಿ ಕೊಟ್ಟು ಇಸ್ತ್ರಿಯಿಂದ ಪ್ಯಾಕಿಂಗ್‌ಗೆ ಬದಲಿ ಕೇಳಲು ಸೂಚಿಸಿದೆ, ಸಿಕ್ಕಿತು.

ಈಗ ಕೋರ್ಸಿನ ಅರ್ಧ ಕಳೆದಿದೆ. ನಾದಿನಿಗೆ ಸಂಬಂಧವೊಂದು ಕೂಡಿಬರುತ್ತಿದೆ. ಹುಡುಗನ ಕಡೆಯವರಿಗೆ ಹೇಳಬೇಕೇ ಎಂದು ಗಂಡ ಫೋನಿನಲ್ಲಿ ಕೇಳಿದರು. ಬೇಡ ಎಂದೆ. ಪರೀಕ್ಷೆಯಲ್ಲಿ ನಾದಿನಿಗೆ ಏನೂ ಇಲ್ಲ, ಇದು ವಂಶವಾಹಿ ರೋಗವೂ ಅಲ್ಲ, ಅತ್ತಿಗೆಯ ಚಿಕಿತ್ಸೆಯ ವಿಷಯ ಬೀಗರಿಗೆ ಸೇರಿದ್ದಲ್ಲ. ಮದುವೆ ಓಡಾಟದ ನಡುವೆ ಸಾವಿತ್ರಿ ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳುವ ಕೆಲಸವನ್ನು ಗಂಡನಿಗೇ ವಹಿಸಿದ್ದೇನೆ.