ಬೆರಳಿಗೆ ಒಪ್ಪುವ ಕೀಬೋರ್ಡ್: ಓದುಗರ ಪ್ರಶ್ನೆ, ನನ್ನ ಉತ್ತರ

ಫೋನಿನ ಜೊತೆ ಬಂದ ಕೀಬೋರ್ಡ್ ಬಿಟ್ಟು ಬೇರೆಯದನ್ನು ಹಾಕಿಕೊಳ್ಳುವ ಬಗ್ಗೆ ಈ ಸಲ ತುಂಬಾ ಪತ್ರಗಳು ಬಂದಿವೆ. ನನಗೆ ನಿಜಕ್ಕೂ ಖುಷಿಯಾಯಿತು. ನನ್ನದು ಕರಡು ತಿದ್ದುವ ಕೆಲಸ. ಅದರಲ್ಲಿ ಹೆಚ್ಚಿನದು ಈಗ ಫೋನಿನಲ್ಲೇ ನಡೆಯುತ್ತದೆ. ಹಾಗಾಗಿ ಕೀಬೋರ್ಡ್ ಅಂದರೆ ನನಗೆ ದಿನವಿಡೀ ಕೈಯಲ್ಲಿರುವ ಉಪಕರಣ. ಅದು ಕೈಗೆ ಒಪ್ಪಬೇಕು, ಭಾಷೆಗೆ ಒಪ್ಪಬೇಕು, ನಂಬಿಕೆಗೂ ಅರ್ಹವಾಗಿರಬೇಕು. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ಹೊಸ ಕೀಬೋರ್ಡ್ ಆನ್ ಮಾಡಲು ಹೋದಾಗ "ನೀವು ಟೈಪ್ ಮಾಡುವುದನ್ನೆಲ್ಲ, ಪಾಸ್‌ವರ್ಡ್ ಮತ್ತು ಕ್ರೆಡಿಟ್ ಕಾರ್ಡ್ ನಂಬರ್ ಸಹಿತ, ಇದು ಸಂಗ್ರಹಿಸಬಹುದು" ಅಂತ ಎಚ್ಚರಿಕೆ ಬಂತು. ಹೆದರಿ ಅಲ್ಲಿಗೇ ಬಿಟ್ಟೆ. ಇದು ಎಲ್ಲ ಕೀಬೋರ್ಡ್‌ಗೂ ಬರುತ್ತದಾ?

ಉತ್ತರ: ಹೌದು, ಆಂಡ್ರಾಯ್ಡ್‌ನಲ್ಲಿ ನೀವಾಗಿ ಹಾಕಿಕೊಳ್ಳುವ ಯಾವ ಕೀಬೋರ್ಡ್‌ಗಾದರೂ ಈ ಎಚ್ಚರಿಕೆ ಬರುತ್ತದೆ. ಒಳ್ಳೆಯದಕ್ಕೂ ಬರುತ್ತದೆ, ಕೆಟ್ಟದ್ದಕ್ಕೂ ಬರುತ್ತದೆ. ಆ ಆ್ಯಪ್ ಕಳ್ಳ ಅಂತ ಫೋನ್ ಹೇಳುತ್ತಿಲ್ಲ. ಕೀಬೋರ್ಡ್ ಅನ್ನುವುದರ ಸ್ವಭಾವವೇ ಹಾಗೆ. ನೀವು ಒತ್ತುವ ಪ್ರತಿ ಅಕ್ಷರವೂ ಅದರ ಮೂಲಕವೇ ಹೋಗಬೇಕು. ಫೋನಿನ ಜೊತೆ ಬಂದ ಕೀಬೋರ್ಡ್ ಕೂಡ ಎಲ್ಲವನ್ನೂ ನೋಡುತ್ತದೆ. ಅದಕ್ಕೆ ಎಚ್ಚರಿಕೆ ಬರುವುದಿಲ್ಲ, ಅಷ್ಟೇ.

ನೀವು ಕೇಳಬೇಕಾದ ಪ್ರಶ್ನೆ ಒಂದೇ. ನೋಡಿದ್ದನ್ನು ಅದು ಹೊರಗೆ ಕಳಿಸಬಲ್ಲದಾ? ಇಂಟರ್ನೆಟ್ ಅನುಮತಿಯೇ ಇಲ್ಲದ ಕೀಬೋರ್ಡ್ ತಾನಾಗಿ ಎಲ್ಲಿಗೂ ಏನನ್ನೂ ಕಳಿಸಲಾರದು. ಇದನ್ನು ಪ್ಲೇ ಸ್ಟೋರ್‌ನಲ್ಲೇ ನೋಡಬಹುದು. ಆ್ಯಪ್‌ನ ವಿವರದ ಕೊನೆಯಲ್ಲಿ ಅನುಮತಿಗಳ ಪಟ್ಟಿ ಇರುತ್ತದೆ. ನೆಟ್‌ವರ್ಕ್‌ಗೆ ಪೂರ್ತಿ ಪ್ರವೇಶ ಅಂತ ಅಲ್ಲಿ ಬರೆದಿದೆಯಾ ನೋಡಿ. ಈ ಅನುಮತಿಯನ್ನು ಆಂಡ್ರಾಯ್ಡ್ ನಿಮ್ಮನ್ನು ಕೇಳದೆಯೇ ಕೊಟ್ಟುಬಿಡುತ್ತದೆ. ಅದಕ್ಕೇ ಹಾಕಿಕೊಳ್ಳುವ ಮೊದಲೇ ನೋಡಬೇಕು ಅನ್ನುವುದು. ಹೆಲಿಬೋರ್ಡ್ ಅನ್ನುವ ಮುಕ್ತ ತಂತ್ರಾಂಶದ ಕೀಬೋರ್ಡ್‌ಗೆ ಇಂಟರ್ನೆಟ್ ಅನುಮತಿ ಇಲ್ಲ. ಇಂಗ್ಲಿಷ್ ಟೈಪಿಂಗ್‌ಗೆ ನಾನು ಅದನ್ನೇ ಬಳಸುತ್ತೇನೆ. ಅದರಲ್ಲಿ ಕನ್ನಡದ ಕೀಲಿಗಳೂ ಇವೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. 2017ರ ಡಿಸೆಂಬರ್‌ನಲ್ಲಿ ಎಐ.ಟೈಪ್ ಅನ್ನುವ ಕೀಬೋರ್ಡ್‌ನ 3.1 ಕೋಟಿ ಬಳಕೆದಾರರ ಮಾಹಿತಿ, ಪಾಸ್‌ವರ್ಡ್ ಕೂಡ ಹಾಕದ ಸರ್ವರ್‌ನಲ್ಲಿ ತೆರೆದು ಬಿದ್ದಿರುವುದು ಪತ್ತೆಯಾಯಿತು. ಹೆಸರು, ಫೋನ್ ನಂಬರ್, ಇಮೇಲ್ ಎಲ್ಲ ಅದರಲ್ಲಿದ್ದವು. 2024ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್, ಚೀನೀ ಭಾಷೆಗೆ ಬಳಸುವ ಪಿನ್‌ಯಿನ್ ಕೀಬೋರ್ಡ್‌ಗಳನ್ನು ಪರೀಕ್ಷಿಸಿತು. ಪದಗಳ ಸಲಹೆ ಕೊಡಲು ಅವು ಒತ್ತಿದ ಅಕ್ಷರಗಳನ್ನು ಸರ್ವರ್‌ಗೆ ಕಳಿಸುತ್ತವೆ. ಒಂಬತ್ತು ಕಂಪನಿಗಳಲ್ಲಿ ಎಂಟರ ಕೀಬೋರ್ಡ್‌ಗಳಲ್ಲಿ ದೋಷ ಸಿಕ್ಕಿತು. ಒತ್ತಿದ ಅಕ್ಷರಗಳನ್ನು ದಾರಿಯಲ್ಲೇ ಬೇರೆಯವರು ಓದಬಹುದಿತ್ತು. ಆ ಕಂಪನಿಗಳಿಗೆ ಕೆಟ್ಟ ಉದ್ದೇಶ ಇರಬೇಕಾಗಿಯೇ ಇಲ್ಲ. ಕಳಿಸುವ ಅಭ್ಯಾಸ ಇದ್ದರೆ ಸಾಕು, ಸೋರುವ ಜಾಗ ಇದ್ದೇ ಇರುತ್ತದೆ.

ಹಾಗಂತ ಇಂಟರ್ನೆಟ್ ಬಳಸುವ ಕೀಬೋರ್ಡ್ ಎಲ್ಲವೂ ಬೇಡ ಅನ್ನುತ್ತಿಲ್ಲ. ಗೂಗಲ್‌ನ ಜಿಬೋರ್ಡ್, ಮೈಕ್ರೋಸಾಫ್ಟ್‌ನ ಸ್ವಿಫ್ಟ್‌ಕೀ ಇವೆಲ್ಲ ಕೋಟ್ಯಂತರ ಜನ ಬಳಸುವಂಥವು. ತಪ್ಪಾದರೆ ಉತ್ತರ ಕೊಡಬೇಕಾದ ಕಂಪನಿಗಳು ಹಿಂದೆ ಇವೆ. ನಾನು ಬೇಡ ಅನ್ನುವುದು ಯಾರು ಮಾಡಿದ್ದು ಅಂತಲೇ ಗೊತ್ತಾಗದ, ಬಣ್ಣಬಣ್ಣದ ಥೀಮ್ ಮತ್ತು ಸ್ಟಿಕ್ಕರ್ ತೋರಿಸಿ ಸೆಳೆಯುವ ಕೀಬೋರ್ಡ್‌ಗಳನ್ನು. ಒಂದು ಕೀಬೋರ್ಡ್ ನಿಮ್ಮ ಸಂಪರ್ಕಗಳ ಪಟ್ಟಿ, ನೀವಿರುವ ಜಾಗ ಎರಡನ್ನೂ ಕೇಳಿದರೆ ಅಲ್ಲೇ ಕೈಬಿಡಿ. ಅಕ್ಷರ ಮೂಡಿಸಲು ಅದಕ್ಕೆ ನೀವಿರುವ ಜಾಗ ಯಾಕೆ ಬೇಕು, ಅಲ್ವಾ?

ಪ್ರಶ್ನೆ: ನಾನು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುತ್ತೇನೆ. ಆದರೆ ಬೆಳೆ ಅಂತ ಬರೆಯಲು ಹೋದರೆ ಬೆಲೆ ಬರುತ್ತದೆ, ಕಾಳು ಹೋಗಿ ಕಾಲು ಆಗುತ್ತದೆ. ಪ್ರತಿ ಸಲ ತಿದ್ದಿ ಸಾಕಾಗಿದೆ. ನೇರವಾಗಿ ಕನ್ನಡದಲ್ಲೇ ಟೈಪ್ ಮಾಡುವುದು ಕಲಿಯಲೇಬೇಕಾ?

ಉತ್ತರ: ಕಲಿಯಿರಿ. ಇದನ್ನು ಪೂರ್ತಿ ಮನಸ್ಸಿನಿಂದ ಹೇಳುತ್ತೇನೆ.

ನೀವು ಬಳಸುವ ವಿಧಾನದಲ್ಲಿ ಕೀಬೋರ್ಡ್ ಊಹೆ ಮಾಡುತ್ತದೆ. ಬೆಲೆ, ಬೆಳೆ, ಬೇಳೆ ಮೂರಕ್ಕೂ ಜನ ಒತ್ತುವುದು ಅದೇ ನಾಲ್ಕು ಇಂಗ್ಲಿಷ್ ಅಕ್ಷರ. ಯಾವುದು ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಜಾಸ್ತಿ ಬಳಕೆಯಲ್ಲಿರುವುದನ್ನು ಮುಂದಿಡುತ್ತದೆ. ಚುಟುಕು ಮೆಸೇಜ್‌ಗೆ ಇದು ಪರವಾಗಿಲ್ಲ. ಒಂದು ಪುಟ ಬರೆಯುವವರಿಗೆ ಮಾತ್ರ ತುಂಬಾ ಕಷ್ಟ. ನನ್ನ ಕೈಗೆ ಬರುವ ಕರಡುಗಳಲ್ಲಿ ಲಕಾರ ಳಕಾರ, ನಕಾರ ಣಕಾರ ಅದಲುಬದಲಾಗಿರುವುದು ಬಹಳ. ಬರೆದವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಅವರು ಬರೆದದ್ದನ್ನು ಕೀಬೋರ್ಡ್ ಬದಲಿಸಿರುತ್ತದೆ. ಹಣ ಹೋಗಿ ಹನ ಆದದ್ದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ನೇರ ಟೈಪಿಂಗ್‌ಗೆ ದಾರಿ ಒಂದೇ ಅಲ್ಲ. ಒಂದು, ಇನ್‌ಸ್ಕ್ರಿಪ್ಟ್. 1986ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಂದೇ ಜೋಡಣೆ ಇರಲಿ ಅಂತ ಮಾಡಿದ್ದು. ಸ್ವರಗಳು ಎಡಕ್ಕೆ, ವ್ಯಂಜನಗಳು ಬಲಕ್ಕೆ. ಹಲವು ಫೋನ್ ಕೀಬೋರ್ಡ್‌ಗಳ ಕನ್ನಡ ಜೋಡಣೆ ಇದನ್ನೇ ಆಧರಿಸಿದೆ. ಇನ್ನೊಂದು, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆಲ್ಲ ಪರಿಚಯವಿದೆ. ಇಂಗ್ಲಿಷ್‌ನ ಕೆ ಇರುವ ಕೀಲಿಯಲ್ಲಿ ಕ, ಎಫ್ ಇರುವ ಕೀಲಿಯಲ್ಲಿ ಒತ್ತಕ್ಷರ ಕೊಡುವ ಹಲಂತ. ಅಕ್ಕ ಅಂತ ಬರೆಯಲು ಎ, ಕೆ, ಎಫ್, ಕೆ ಒತ್ತಿದರೆ ಆಯಿತು. ಇಲ್ಲಿ ಊಹೆಗೆ ಜಾಗವೇ ಇಲ್ಲ. ಳ ಒತ್ತಿದರೆ ಳ ಬರುತ್ತದೆ, ಅಷ್ಟೇ. ಕಂಪ್ಯೂಟರ್‌ನಲ್ಲಿ ನುಡಿ ಗೊತ್ತಿದ್ದರೆ ಫೋನಿಗೂ ಅದೇ ವಿನ್ಯಾಸದ ಕೀಬೋರ್ಡ್ ಹುಡುಕಿಕೊಳ್ಳಿ. ಬೆರಳಿಗೆ ದಾರಿ ಆಗಲೇ ಗೊತ್ತಿರುತ್ತದೆ.

ಮೂರನೆಯದು ನನಗೆ ತುಂಬಾ ಇಷ್ಟವಾದ ಯೋಚನೆ. ಐಐಟಿ ಬಾಂಬೆಯ ವಿನ್ಯಾಸ ವಿಭಾಗದವರು ಸ್ವರಚಕ್ರ ಅನ್ನುವ ಕೀಬೋರ್ಡ್ ಮಾಡಿದರು. ಕ ಮೇಲೆ ಬೆರಳಿಟ್ಟರೆ ಸುತ್ತ ಒಂದು ಚಕ್ರ ತೆರೆದುಕೊಳ್ಳುತ್ತದೆ. ಅದರಲ್ಲಿ ಕಾ, ಕಿ, ಕು ಎಲ್ಲ ಇರುತ್ತವೆ. ಬೇಕಾದ ಕಡೆ ಬೆರಳು ಜಾರಿಸಿದರೆ ಆ ಅಕ್ಷರ ಮೂಡುತ್ತದೆ. ನಾವು ಶಾಲೆಯಲ್ಲಿ ಕಲಿತ ಕಾಗುಣಿತವೇ ಕೀಬೋರ್ಡ್ ಆದ ಹಾಗೆ. ಇಂಗ್ಲಿಷ್‌ನ 26 ಅಕ್ಷರಕ್ಕೆ ಮಾಡಿದ ಚೌಕಟ್ಟಿನಲ್ಲಿ ನಮ್ಮ ವರ್ಣಮಾಲೆಯನ್ನು ತುರುಕುವ ಬದಲು, ನಮ್ಮ ಲಿಪಿಯಿಂದಲೇ ಶುರು ಮಾಡಿದರು. ಇಂಥ ಕೆಲಸ ಇನ್ನೂ ಬೇಕು.

ಕಲಿಯುವಾಗ ಒಂದೇ ದಿನ ಎಲ್ಲ ಬದಲಿಸಬೇಡಿ. ಅವಸರದ ಮೆಸೇಜ್‌ಗೆ ಹಳೆಯದೇ ಇರಲಿ. ಯಾರೂ ಕಾಯುತ್ತಿರದ ಬರಹಕ್ಕೆ, ಡೈರಿಗೋ ಟಿಪ್ಪಣಿಗೋ, ಹೊಸದನ್ನು ಬಳಸಿ. ಎರಡೂ ಆನ್ ಇದ್ದರೆ ಸ್ಪೇಸ್ ಬಾರ್ ಪಕ್ಕದ ಅಥವಾ ಪರದೆಯ ಮೂಲೆಯ ಕೀಬೋರ್ಡ್ ಚಿಹ್ನೆ ಒತ್ತಿ ಬದಲಿಸಬಹುದು.

ಪ್ರಶ್ನೆ: ಫೋನ್ ಆಫ್ ಮಾಡಿ ಆನ್ ಮಾಡಿದರೆ ಪಾಸ್‌ವರ್ಡ್ ಕೇಳುವಾಗ ಹಳೆಯ ಕೀಬೋರ್ಡೇ ಬರುತ್ತದೆ. ಹೊಸದು ಹಾಳಾಗಿದೆಯಾ?

ಉತ್ತರ: ಇಲ್ಲ. ಮೊದಲ ಸಲ ಲಾಕ್ ತೆಗೆಯುವವರೆಗೆ ಫೋನಿನ ಒಳಗಿನ ಮಾಹಿತಿ ಗೂಢಲಿಪಿಯಲ್ಲೇ ಇರುತ್ತದೆ. ಆ ಹೊತ್ತಿನಲ್ಲಿ ಕೆಲಸ ಮಾಡುವಂತೆ ಸಿದ್ಧವಾದ ಆ್ಯಪ್‌ಗಳು ಮಾತ್ರ ಏಳುತ್ತವೆ. ಅದಕ್ಕೇ ಫೋನಿನ ಮೂಲ ಕೀಬೋರ್ಡನ್ನು ಪೂರ್ತಿ ಬಂದ್ ಮಾಡಬೇಡಿ.

ಪ್ರಶ್ನೆ: ಸಾಫ್ಟ್‌ವೇರ್ ಅಂತ ಟೈಪ್ ಮಾಡಿದರೆ ವ ಕೆಳಗಿಳಿದು ಒತ್ತಕ್ಷರವಾಗುತ್ತದೆ. ರ‍್ಯಾಂಕ್ ಅಂತ ಬರೆಯಲು ಹೋದರೆ ಅರ್ಕಾವೊತ್ತು ಬರುತ್ತದೆ. ಪತ್ರಿಕೆಯಲ್ಲಿ ಮಾತ್ರ ಸರಿಯಾಗಿ ಬರುವುದು ಹೇಗೆ?

ಉತ್ತರ: ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ! ಉತ್ತರ ಕಣ್ಣಿಗೆ ಕಾಣದ ಎರಡು ಚಿಹ್ನೆಗಳಲ್ಲಿದೆ. ಒಂದು ಅಕ್ಷರಗಳನ್ನು ಬಿಡಿಸುತ್ತದೆ, ಇನ್ನೊಂದು ಜೋಡಿಸುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅವುಗಳ ಸಂಕೇತ 200ಸಿ ಮತ್ತು 200ಡಿ. ಸಾಫ್ಟ್ ಆದ ಮೇಲೆ ಬಿಡಿಸುವ ಚಿಹ್ನೆ ಹಾಕಿದರೆ ವೇ ಬೇರೆಯಾಗಿ ನಿಲ್ಲುತ್ತದೆ. ರ ಬರೆದು, ಜೋಡಿಸುವ ಚಿಹ್ನೆ ಹಾಕಿ, ಆಮೇಲೆ ಹಲಂತ ಮತ್ತು ಯ ಒತ್ತಿದರೆ ರ‍್ಯ ಬರುತ್ತದೆ. ಕ್ರಮ ತಪ್ಪಿದರೆ ಅರ್ಕಾವೊತ್ತೇ ಗತಿ.

ತೊಂದರೆ ಏನೆಂದರೆ, ಕೆಲವು ಕೀಬೋರ್ಡ್‌ಗಳಲ್ಲಿ ಇವಕ್ಕೆ ಕೀಲಿ ಇದೆ, ಕೆಲವದರಲ್ಲಿ ಬೇರೆ ಕೀಲಿಯನ್ನು ಒತ್ತಿ ಹಿಡಿದರೆ ಸಿಗುತ್ತವೆ, ಕೆಲವದರಲ್ಲಿ ಇಲ್ಲವೇ ಇಲ್ಲ. ನಾನು ಯಾವ ಹೊಸ ಕನ್ನಡ ಕೀಬೋರ್ಡ್ ಹಾಕಿದರೂ ಮೊದಲು ಟೈಪ್ ಮಾಡಿ ನೋಡುವುದು ಈ ಎರಡು ಪದಗಳನ್ನೇ. ಬರಲಿಲ್ಲ ಅಂದರೆ ಆ ಕೀಬೋರ್ಡ್ ಮಾಡಿದವರು ಕನ್ನಡ ಬರೆಯುವವರನ್ನು ಕೇಳಿಲ್ಲ ಅಂತ ಅರ್ಥ. ಕೀಲಿ ಸಿಗದಿದ್ದರೆ ಒಂದು ಉಪಾಯ ಇದೆ. ಸರಿಯಾಗಿ ಬರೆದ ಪದವನ್ನು ಎಲ್ಲಿಂದಾದರೂ ಕಾಪಿ ಮಾಡಿ. ಕೀಬೋರ್ಡ್ ಸೆಟ್ಟಿಂಗ್‌ನ ವೈಯಕ್ತಿಕ ನಿಘಂಟಿನಲ್ಲಿ ಅದನ್ನು ಸೇರಿಸಿ, ಎರಡಕ್ಷರದ ಶಾರ್ಟ್‌ಕಟ್ ಕೊಡಿ. ಆ ಎರಡಕ್ಷರ ಒತ್ತಿದರೆ ಪೂರ್ತಿ ಪದ ಸಲಹೆಯಾಗಿ ಬರುತ್ತದೆ. ಐಫೋನ್‌ನಲ್ಲೂ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಪಠ್ಯ ಬದಲಿಸುವ ಇಂಥದೇ ಸೌಲಭ್ಯ ಇದೆ.

ಪ್ರಶ್ನೆ: ನನ್ನ ತಾಯಿಗೆ ಕೈ ನಡುಗುತ್ತದೆ. ಒಂದು ಒತ್ತಿದರೆ ಇನ್ನೊಂದು ಬೀಳುತ್ತದೆ. ಮೊಮ್ಮಕ್ಕಳಿಗೆ ತಾವೇ ಬರೆಯಬೇಕು ಅನ್ನುವ ಆಸೆ ಅವರಿಗೆ. ಯಾವ ಕೀಬೋರ್ಡ್ ಹಾಕಿಕೊಡಲಿ?

ಉತ್ತರ: ಅವರ ಆಸೆ ಈಡೇರಲೇಬೇಕು. ಹೊಸದು ಹುಡುಕುವ ಮೊದಲು ಈಗಿರುವುದನ್ನೇ ಸರಿಮಾಡಿ ನೋಡಿ. ಜಿಬೋರ್ಡ್‌ನಂಥವುಗಳಲ್ಲಿ ಕೀಬೋರ್ಡ್‌ನ ಎತ್ತರ ಹೆಚ್ಚಿಸಬಹುದು. ಬೆರಳು ಜಾರಿಸಿ ಬರೆಯುವ ಸೌಲಭ್ಯವನ್ನು ಆಫ್ ಮಾಡಿ. ಇದು ಮುಖ್ಯ. ನಡುಗುವ ಬೆರಳು ಕೀಲಿಯ ಮೇಲೆ ಸ್ವಲ್ಪ ಸರಿದರೂ ಫೋನ್ ಅದನ್ನು ಜಾರಿಸುವಿಕೆ ಅಂದುಕೊಂಡು ಬೇರೇನೋ ಪದ ಹಾಕುತ್ತದೆ. ಒತ್ತಿ ಹಿಡಿಯುವ ಸಮಯವನ್ನೂ ಹೆಚ್ಚಿಸಿ, ಇಲ್ಲದಿದ್ದರೆ ನಿಧಾನವಾಗಿ ಬೆರಳೆತ್ತಿದಾಗೆಲ್ಲ ಬೇರೆ ಅಕ್ಷರ ತೆರೆದುಕೊಳ್ಳುತ್ತದೆ. ಫೋನ್ ಅಡ್ಡ ಹಿಡಿದರೆ ಕೀಲಿಗಳು ಅಗಲವಾಗುತ್ತವೆ. ಮೇಜಿನ ಮೇಲಿಟ್ಟು ಬರೆದರೆ ಇನ್ನೂ ಹಿತ.

ಅವರು ಇಂಗ್ಲಿಷ್‌ನಲ್ಲಿ ಬರೆಯುವುದಾದರೆ ಒಂಬತ್ತು ದೊಡ್ಡ ಕೀಲಿಗಳ ಮೆಸೇಜ್‌ಈಸ್, ಥಂಬ್-ಕೀ ಥರದವು ಇವೆ. ಆದರೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಷರಗಳಿಗೆ ಬೆರಳು ಜಾರಿಸಲೇಬೇಕು. ದೊಡ್ಡ ಕೀಲಿ ಅಂತ ಸುಮ್ನೆ ಹಾಕಿಕೊಟ್ಟುಬಿಡಬೇಡಿ. ಅವರ ಜೊತೆ ಕೂತು, ಅವರ ಕೈಯಲ್ಲೇ ಫೋನ್ ಕೊಟ್ಟು ನೋಡಿ. ತೀರಾ ಸುಸ್ತಾದ ದಿನಕ್ಕೆ ಮೈಕ್ ಒತ್ತಿ ಮಾತಾಡಿ ಬರೆಯುವುದನ್ನೂ ಹೇಳಿಕೊಡಿ.

ಪ್ರಶ್ನೆ: ನನ್ನ ತಮ್ಮನಿಗೆ ಕಣ್ಣು ಕಾಣಿಸುವುದಿಲ್ಲ. ಬ್ರೈಲ್ ಚೆನ್ನಾಗಿ ಬರುತ್ತದೆ. ಫೋನಿನಲ್ಲಿ ಬ್ರೈಲ್‌ನಲ್ಲೇ ಬರೆಯಬಹುದಾ?

ಉತ್ತರ: ಖಂಡಿತ ಬರೆಯಬಹುದು, ಬೇರೆ ಆ್ಯಪ್ ಕೂಡ ಬೇಡ. ಪರದೆಯಲ್ಲಿರುವುದನ್ನು ಓದಿ ಹೇಳುವ, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್‌ನಲ್ಲಿ 2020ರಿಂದ ಬ್ರೈಲ್ ಕೀಬೋರ್ಡ್ ಇದೆ. ಐಫೋನ್‌ನಲ್ಲಿ 2014ರ ಐಒಎಸ್ 8ರಿಂದಲೇ ಇದೆ. ಫೋನನ್ನು ಅಡ್ಡ ಹಿಡಿದು ಪರದೆಯನ್ನು ಆಚೆ ತಿರುಗಿಸಬೇಕು. ಎರಡೂ ಕೈಯ ಮೂರು ಮೂರು ಬೆರಳು ಪರದೆಯ ಮೇಲೆ ಬರುತ್ತವೆ, ಆರು ಚುಕ್ಕೆಗೆ ಆರು ಬೆರಳು. ಒಂದು ಮತ್ತು ಮೂರನೇ ಚುಕ್ಕೆ ಒಟ್ಟಿಗೆ ಒತ್ತಿದರೆ ಇಂಗ್ಲಿಷ್‌ನ ಕೆ. ಭಾರತದ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಅದೇ ಕ. ಟಾಕ್‌ಬ್ಯಾಕ್‌ನ ಬ್ರೈಲ್ ಸೆಟ್ಟಿಂಗ್‌ನಲ್ಲಿ ಭಾಷೆಗಳ ಪಟ್ಟಿ ತೆರೆದು ಅವರಿಗೆ ಬೇಕಾದ್ದನ್ನು ಆರಿಸಿ. ಅಭ್ಯಾಸ ಇರುವವರಿಗೆ ಇದು ಒಂದೊಂದೇ ಅಕ್ಷರ ತಡಕಿ ಕೇಳಿಸಿಕೊಂಡು ಒತ್ತುವುದಕ್ಕಿಂತ ಎಷ್ಟೋ ಬೇಗ.

ಪ್ರಶ್ನೆ: ಐಫೋನ್‌ನಲ್ಲಿ ಬೇರೆ ಕೀಬೋರ್ಡ್ ಹಾಕಿದ್ದೇನೆ. ಪಾಸ್‌ವರ್ಡ್ ಬರೆಯುವ ಕಡೆ ಅದು ಮಾಯವಾಗುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಂತೂ ಬರುವುದೇ ಇಲ್ಲ.

ಉತ್ತರ: ಅದು ನಿಮ್ಮ ರಕ್ಷಣೆಗೇ ಇರುವ ನಿಯಮ. ಪಾಸ್‌ವರ್ಡ್ ಜಾಗದಲ್ಲಿ ಐಫೋನ್ ತನ್ನದೇ ಕೀಬೋರ್ಡ್ ತರುತ್ತದೆ. ಹೊರಗಿನ ಕೀಬೋರ್ಡ್ ತನ್ನಲ್ಲಿ ಬೇಡ ಅಂತ ಯಾವ ಆ್ಯಪ್ ಬೇಕಾದರೂ ಹೇಳಬಹುದು. ಸೆಟ್ಟಿಂಗ್‌ನಲ್ಲಿ ಪೂರ್ಣ ಪ್ರವೇಶ ಅನ್ನುವ ಇನ್ನೊಂದು ಸ್ವಿಚ್ ಇದೆ. ಅದನ್ನು ಆಫ್ ಇಟ್ಟರೆ ಕೀಬೋರ್ಡ್‌ಗೆ ಇಂಟರ್ನೆಟ್ ಸಿಗುವುದಿಲ್ಲ. ಆಫ್ ಇಟ್ಟೇ ಬಳಸಿ ನೋಡಿ, ನಿಮ್ಮ ಕೆಲಸಕ್ಕೆ ಅಷ್ಟೇ ಸಾಕಾಗಬಹುದು.

ಪ್ರಶ್ನೆ: ಫೋನ್ ಬದಲಿಸುತ್ತಿದ್ದೇನೆ. ಕೀಬೋರ್ಡ್ ಇಷ್ಟು ದಿನ ಕಲಿತ ನನ್ನ ಪದಗಳೆಲ್ಲ ಹೋಗುತ್ತವಾ?

ಉತ್ತರ: ಸುಮ್ಮನಿದ್ದರೆ ಹೋಗುವ ಸಂಭವ ಇದೆ. ಕಲಿತ ಪದಗಳು ಆ ಆ್ಯಪ್‌ನ ಒಳಗೇ ಇರುತ್ತವೆ. ಕೆಲವು ಕೀಬೋರ್ಡ್‌ಗಳು ಅಕೌಂಟ್ ಮೂಲಕ ಅವನ್ನು ಉಳಿಸುತ್ತವೆ. ಹೆಲಿಬೋರ್ಡ್‌ನಂಥವುಗಳಲ್ಲಿ ಬ್ಯಾಕಪ್ ಫೈಲ್ ನೀವೇ ತೆಗೆದುಕೊಳ್ಳಬೇಕು. ಹಳೆಯ ಫೋನ್ ಅಳಿಸುವ ಮೊದಲು ಆ ಫೈಲನ್ನು ಹೊಸ ಫೋನಿಗೆ ಹಾಕಿ, ಕೀಬೋರ್ಡ್‌ನಲ್ಲಿ ತೆರೆದು, ನಿಮ್ಮ ಒಂದೆರಡು ಪದ ಸಲಹೆಯಲ್ಲಿ ಬರುತ್ತವಾ ಅಂತ ಟೈಪ್ ಮಾಡಿ ನೋಡಿ. ಬಂದರೆ ಹಳೆಯದನ್ನು ಅಳಿಸಬಹುದು.