ಎಂಜಿನ್‌ಗಿಂತ ಮೊದಲು ಸಿಲ್ ನೋಡಿ

ಹಳೆಯ ಕಾರುಗಳ ಆರೈಕೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಬಾರಿಯ ಪ್ರಶ್ನೆಗಳೆಲ್ಲ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಬಗ್ಗೆ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ಹಿರೋಷಿಮಾದಲ್ಲಿ ತಯಾರಾದ ಈ ಎರಡು ಆಸನಗಳ ಪುಟ್ಟ ಕಾರು ಈಗ ಮೂವತ್ತು ದಾಟಿದೆ. ವಿದೇಶದಲ್ಲಿರುವ ಕನ್ನಡಿಗರಲ್ಲೂ ಇದನ್ನು ಕೊಂಡವರಿದ್ದಾರೆ.

ಪ್ರಶ್ನೆ: ನಾನು ಹಾಸನದವನು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿದ್ದೇನೆ. 1991ರ 1.6 ಲೀಟರ್ ಕಾರು ಕೊಂಡಿದ್ದೇನೆ. ಬೆಳಿಗ್ಗೆ ಎಂಜಿನ್ ಶುರು ಮಾಡಿದಾಗ ಸ್ವಲ್ಪ ಹೊತ್ತು ಟಿಕ್ ಟಿಕ್ ಸದ್ದು ಬರುತ್ತದೆ. ಎಂಜಿನ್ ಬಿಚ್ಚಿಸಲು ಹಣ ಕೂಡಿಟ್ಟಿದ್ದೆ. ಅಷ್ಟರಲ್ಲಿ ಎಂಒಟಿ (ಬ್ರಿಟನ್ನಿನ ಕಡ್ಡಾಯ ವಾರ್ಷಿಕ ವಾಹನ ಪರೀಕ್ಷೆ) ತಪಾಸಣೆಯವರು ಎಡಗಡೆ ಹಿಂಚಕ್ರದ ಮುಂದೆ, ಬಾಗಿಲಿನ ಕೆಳಗಿನ ಸಿಲ್‌ಗೆ ತುಕ್ಕು ಹಿಡಿಯುತ್ತಿದೆ ಎಂದು ಬರೆದುಕೊಟ್ಟಿದ್ದಾರೆ. ಒಂದು ಗ್ಯಾರೇಜಿನವರು ಫಿಲ್ಲರ್ ಎಂಬ ಲೇಪ ತುಂಬಿ ಬಣ್ಣ ಹೊಡೆದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಕತ್ತರಿಸಿ ವೆಲ್ಡ್ ಮಾಡಬೇಕು ಎಂದು ಅದರ ಹಲವು ಪಟ್ಟು ಹಣ ಕೇಳುತ್ತಾರೆ. ಯಾವುದು ಮೊದಲು?

ಉತ್ತರ: ಸಿಲ್ ಮೊದಲು. ಎಂಜಿನ್‌ಗೆಂದು ಕೂಡಿಟ್ಟ ಹಣವನ್ನೂ ಅದಕ್ಕೇ ಹಾಕಿ.

ಸದ್ದಿನ ವಿಷಯ ಮುಗಿಸಿಬಿಡೋಣ. ಈ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ಒತ್ತುವ ಟ್ಯಾಪೆಟ್‌ಗಳು ಹೈಡ್ರಾಲಿಕ್ ಮಾದರಿಯವು; ಅವುಗಳೊಳಗೆ ಆಯಿಲ್ ತುಂಬಿದಾಗ ಸದ್ದು ಅಡಗುತ್ತದೆ. ರಾತ್ರಿಯಿಡೀ ನಿಂತ ಹಳೆಯ ಕಾರಿನಲ್ಲಿ ಅದಕ್ಕೆ ತುಸು ಹೊತ್ತು ಬೇಕು. ಆಯಿಲ್ ಮತ್ತು ಫಿಲ್ಟರ್ ಬದಲಿಸಿ ನೋಡಿ. ಬಿಸಿಯಾದ ಮೇಲೆ ಸದ್ದು ನಿಂತರೆ ನಿಶ್ಚಿಂತೆಯಿಂದ ಓಡಿಸಿ. ಬಿಸಿಯಾದ ಮೇಲೂ ಎಂಜಿನ್‌ನ ತಳದಿಂದ ಗಡುಸಾದ ಬಡಿತ ಕೇಳಿದರೆ, ಆಯಿಲ್ ಒತ್ತಡದ ಮುಳ್ಳು ಕೆಳಗಿಳಿದರೆ, ಆಗ ಗ್ಯಾರೇಜಿಗೆ ಒಯ್ಯಿರಿ. ನಿಮ್ಮ ಕಾರಿನ ಮಾಪಕ ನಿಜವಾದ ಒತ್ತಡವನ್ನೇ ತೋರಿಸುತ್ತದೆ. 1990ರ ದಶಕದ ನಡುವೆ ಬಂದ ಕಾರುಗಳಲ್ಲಿ ಅದು ಬರೀ ಹೆಸರಿಗೆ ಇರುವ ಮುಳ್ಳು.

ಈಗ ಸಿಲ್. ಬಾಗಿಲಿನ ಕೆಳಗೆ ಉದ್ದಕ್ಕೂ ಹಾದುಹೋಗುವ ಈ ಟೊಳ್ಳು ಪೆಟ್ಟಿಗೆ ಅಲಂಕಾರದ ಭಾಗವಲ್ಲ. ಗಟ್ಟಿ ಛಾವಣಿಯಿಲ್ಲದ ಕಾರಿನಲ್ಲಿ ದೇಹ ಬಾಗದಂತೆ ಹಿಡಿದಿಡುವ ಹೊಣೆಯ ಬಹುಪಾಲು ಇದರ ಮೇಲಿದೆ. ಫಿಲ್ಲರ್ ತುಂಬಿ ಬಣ್ಣ ಹೊಡೆಯುವುದೆಂದರೆ ಗೆದ್ದಲು ತಿಂದ ತೊಲೆಗೆ ಸುಣ್ಣ ಬಳಿದಂತೆ. ಅದನ್ನು ರಿಪೇರಿ ಎಂದು ಕರೆದು ಹಣ ಪಡೆಯುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ, ಏಕೆಂದರೆ ಅಪಘಾತವಾದಾಗ ಒಳಗೆ ಕುಳಿತಿರುವವರು ನೀವು. ಬ್ರಿಟನ್ನಿನ ನಿಯಮವೂ ಸಡಿಲವಾಗಿಲ್ಲ: ಸೀಟ್ ಬೆಲ್ಟ್, ಸಸ್ಪೆನ್ಷನ್ ಮುಂತಾದವನ್ನು ಜೋಡಿಸಿರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಲೋಹ ಗಟ್ಟಿಯಾಗಿರಲೇಬೇಕು. ಅಲ್ಲಿ ಹಾಕುವ ತೇಪೆಯನ್ನು ಅಂಚಿನುದ್ದಕ್ಕೂ ಬಿಡದೆ ವೆಲ್ಡ್ ಮಾಡಿರಬೇಕು. ಹಿಂಚಕ್ರದ ಮುಂದಿನ ಮೂಲೆ ಇಂಥ ಜಾಗವೇ. ಈ ವರ್ಷ ಸೂಚನೆಯಾಗಿ ಬಂದದ್ದು ಮುಂದಿನ ವರ್ಷ ಅನುತ್ತೀರ್ಣವಾಗಿ ಬರಬಹುದು.

ಆದರೆ ವೆಲ್ಡಿಂಗ್‌ಗೆ ಹೋಗುವ ಮುನ್ನ ನೀರು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಹೊಸ ತಗಡೂ ಹಾಗೆಯೇ ಕರಗುತ್ತದೆ. ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಹಿಂಬದಿಯ ಕಾಲುವೆಯಂಥ ಪಟ್ಟಿಗೆ ಇಳಿದು, ಎರಡೂ ಆಸನಗಳ ಹಿಂದೆ ಸೀಟ್ ಬೆಲ್ಟ್ ಕಂಬದ ಬುಡದಲ್ಲಿರುವ ಕಿಂಡಿಗಳು ಮತ್ತು ಅವುಗಳ ಕೆಳಗಿನ ಕೊಳವೆಗಳ ಮೂಲಕ, ಹಿಂಚಕ್ರದ ಮುಂದೆ ನೆಲಕ್ಕೆ ಬೀಳುತ್ತದೆ. ತರಗೆಲೆ, ಧೂಳು, ಪಾಚಿ ಸೇರಿ ಆ ಕಿಂಡಿ ಕಟ್ಟಿಕೊಂಡರೆ ನೀರು ತುಂಬಿ ಸಿಲ್‌ನೊಳಗೂ ಕಾಲಡಿಯ ಹಾಸಿಗೂ ಇಳಿಯುತ್ತದೆ. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ಒಳಗಿನ ತಗಡು ಎಷ್ಟೋ ದಿನಗಳಿಂದ ತೊಯ್ದಿರುತ್ತದೆ.

ಪರೀಕ್ಷೆ ಸುಲಭ. ಒಂದು ಲೋಟ ನೀರನ್ನು ಕಿಂಡಿಗೆ ನಿಧಾನವಾಗಿ ಸುರಿದು ಕಾರಿನ ಕೆಳಗೆ ಬಗ್ಗಿ ನೋಡಿ. ಸುರಿದಷ್ಟೇ ಬೇಗ ಹೊರಬರಬೇಕು. ಬರದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರವನ್ನು ತೂರಿಸಿ ಬಿಡಿಸಿ. ಕಬ್ಬಿಣದ ತಂತಿ ಬೇಡ, ಅದು ಕೊಳವೆಯನ್ನೇ ತೂತು ಮಾಡುತ್ತದೆ. ಗಾಳಿಯ ಒತ್ತಡವೂ ಬೇಡ, ಕೊಳವೆ ಕಳಚಿಕೊಂಡರೆ ನೀರೆಲ್ಲ ಒಳಗೇ ಸುರಿಯುತ್ತದೆ. ಎಲೆ ಉದುರುವ ಕಾಲ ಮುಗಿದ ಮೇಲೆ ಇದನ್ನು ತಪ್ಪದೆ ಮಾಡಿ.

ವೆಲ್ಡಿಂಗ್‌ನವರ ಬಳಿ ಕೇಳಬೇಕಾದ ಪ್ರಶ್ನೆ ಒಂದೇ: ಹೊರ ತಗಡನ್ನು ಕತ್ತರಿಸಿದ ಮೇಲೆ ಒಳಗಿನ ಪದರವನ್ನೂ ನೋಡುತ್ತೀರಾ? ಸಿಲ್ ಒಂದೇ ಹಾಳೆಯಲ್ಲ. ಒಳಗಿನದು ಕೊಳೆತಿರುವಾಗ ಮೇಲೆ ಹೊಸ ತಗಡು ಮುಚ್ಚಿ ಕಳಿಸುವ ಅಂಗಡಿಗೆ ಹೋಗಬೇಡಿ. ಕೆಲಸ ನಡೆಯುವಾಗಲೇ ಚಿತ್ರ ತೆಗೆದು ಕಳಿಸಲು ಹೇಳಿ. ಒಳ್ಳೆಯ ಕೆಲಸಗಾರರು ಅದಕ್ಕೆ ಬೇಸರಿಸುವುದಿಲ್ಲ. ಕೆಲಸಕ್ಕೆ ಮೊದಲು ಡಿಕ್ಕಿಯಲ್ಲಿರುವ ಬ್ಯಾಟರಿಯ ಸಂಪರ್ಕ ತೆಗೆದಿರಬೇಕು, ಆಸನ ಮತ್ತು ಹಾಸು ಹೊರಗಿರಬೇಕು, ಪೆಟ್ರೋಲ್ ಟ್ಯಾಂಕ್ ಆಸನಗಳ ಹಿಂದೆಯೇ ಇದೆ ಎಂಬುದು ಅವರಿಗೆ ನೆನಪಿರಬೇಕು. ಬಣ್ಣ ಒಣಗಿದ ಮೇಲೆ ಟೊಳ್ಳಿನೊಳಗೆ ತುಕ್ಕುನಿರೋಧಕ ಮೇಣ ಸಿಂಪಡಿಸಬೇಕು. ಒದ್ದೆಯ ಮೇಲೆ ಸಿಂಪಡಿಸಿದರೆ ನೀರನ್ನು ಒಳಗೇ ಕೂಡಿಹಾಕಿದಂತಾಗುತ್ತದೆ.

ಅಲ್ಲಿಯವರೆಗೆ ಸಿಲ್‌ನ ಅಂಚಿಗೆ ಜಾಕ್ ಕೊಡಬೇಡಿ. ಟ್ರಾಲಿ ಜಾಕ್ ಇದ್ದರೆ ಮುಂದೆ ಎಂಜಿನ್ ಕೆಳಗಿನ ಅಡ್ಡತೊಲೆಗೆ, ಹಿಂದೆ ಡಿಫರೆನ್ಷಿಯಲ್ (ಹಿಂಚಕ್ರಗಳ ನಡುವಿನ ಗೇರುಪೆಟ್ಟಿಗೆ) ಕೆಳಗೆ ಕೊಡಬಹುದು. ಸ್ಟ್ಯಾಂಡ್ ಇಲ್ಲದೆ ಕಾರಿನ ಕೆಳಗೆ ಮಾತ್ರ ತೂರಬೇಡಿ.

ಪ್ರಶ್ನೆ: ಜಪಾನಿನಿಂದ ಬ್ರಿಟನ್ನಿಗೆ ಬಂದ 1990ರ ಯೂನೋಸ್ ರೋಡ್‌ಸ್ಟರ್ ನನ್ನದು. ಎಂಜಿನ್‌ನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ನಡೆಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತೋ ದಾಖಲೆಯಿಲ್ಲ. ಕಾಯಬಹುದೇ?

ಉತ್ತರ: ಯೂನೋಸ್ ರೋಡ್‌ಸ್ಟರ್ ಎಂದರೆ ಜಪಾನಿನಲ್ಲಿ ಇದೇ ಕಾರಿಗೆ ಇದ್ದ ಹೆಸರು. ಬೆಲ್ಟ್‌ನ ಅವಧಿ 60,000 ಮೈಲಿ, ಅಂದರೆ ಸುಮಾರು ಒಂದು ಲಕ್ಷ ಕಿಲೋಮೀಟರ್. ದಾಖಲೆಯಿಲ್ಲದ ಬೆಲ್ಟನ್ನು ಅವಧಿ ಮುಗಿದದ್ದೆಂದೇ ಎಣಿಸಿ. 1.6 ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುವುದಿಲ್ಲ, ಆದರೆ ವೇಗದ ಹೆದ್ದಾರಿಯಲ್ಲಿ ಎಂಜಿನ್ ನಿಂತುಹೋಗುವುದು ಸಣ್ಣ ಅಪಾಯವಲ್ಲ. ವಾಟರ್ ಪಂಪ್ ಬಿಚ್ಚಲು ಹೇಗೂ ಈ ಬೆಲ್ಟನ್ನು ತೆಗೆಯಲೇಬೇಕು. ಆದ್ದರಿಂದ ಪಂಪ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಮುಂಭಾಗದ ಆಯಿಲ್ ಸೀಲ್‌ಗಳನ್ನು ಒಟ್ಟಿಗೇ ಬದಲಿಸಿ.

ನಿಮ್ಮ ಕಾರಿಗೆ ಇನ್ನೊಂದು ಎಚ್ಚರಿಕೆಯಿದೆ. 1991ರ ನಡುಭಾಗದವರೆಗಿನ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ (ಎಂಜಿನ್‌ನ ಮುಖ್ಯ ತಿರುಗುದಂಡ) ಮೂತಿ, ಅಂದರೆ ಪುಲ್ಲಿ ಕೂರುವ ಮುಂತುದಿ, ಗಿಡ್ಡ. ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಗಿಡ್ಡ ಮೂತಿಯದಾದರೆ ಎಂಜಿನ್ ಓಡುತ್ತಿರುವಾಗ ಪುಲ್ಲಿ ಓಲಾಡುತ್ತದೆಯೇ ಎಂದು ನೋಡಿ. ಓಲಾಡಿದರೆ ಪುಲ್ಲಿಯನ್ನು ಹಿಡಿದಿಡುವ ಕೀಲಿ ಕೂರುವ ತೋಡು ಸವೆಯುತ್ತಿದೆ, ತಕ್ಷಣ ನಿಲ್ಲಿಸಿ. ಪುಲ್ಲಿಯ ಬೋಲ್ಟನ್ನು ಹೊಸದಾಗಿ ಹಾಕಿಸಿ, ಮಜ್ದಾ ಕೈಪಿಡಿಯ ಅಳತೆಗೆ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿಯೇ ಬಿಗಿಸಲು ಹೇಳಿ. ಕಾರನ್ನು ಕೊಳ್ಳುವ ಮೊದಲೂ ಈ ಪುಲ್ಲಿಯನ್ನು ನೋಡಬೇಕು ಎಂಬುದು ಉಳಿದ ಓದುಗರಿಗೂ ನನ್ನ ಮಾತು.

ಪ್ರಶ್ನೆ: ಪ್ರತಿ ಚಳಿಗಾಲದಲ್ಲಿ ಇಂಗ್ಲೆಂಡಿನಿಂದ ಬೆಂಗಳೂರಿಗೆ ಬಂದು ಕೆಲವು ತಿಂಗಳು ಇರುತ್ತೇನೆ. ಕಾರನ್ನು ಹೇಗೆ ನಿಲ್ಲಿಸಿ ಬರಲಿ?

ಉತ್ತರ: ಕೆಳಭಾಗವನ್ನು ಸಿಹಿನೀರಿನಿಂದ ತೊಳೆದು ಒಣಗಿಸಿ, ಹಿಮ ಕರಗಿಸಲು ಅಲ್ಲಿನ ರಸ್ತೆಗೆ ಚೆಲ್ಲುವ ಉಪ್ಪು ಉಳಿಯಬಾರದು. ಟ್ಯಾಂಕಿನಲ್ಲಿ ಎಥನಾಲ್ ಕಡಿಮೆಯಿರುವ ಇ5 ಸೂಪರ್ ಪೆಟ್ರೋಲ್ ಇರಲಿ. 2021ರಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲ್ ಶೇ 10ರವರೆಗೆ ಎಥನಾಲ್ ಇರುವ ಇ10. ಅದು ಹಳೆಯ ರಬ್ಬರ್ ಕೊಳವೆಗಳಿಗೆ ಒಳ್ಳೆಯದಲ್ಲ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಹಿಂದಿನ ಕ್ಯಾಲಿಪರ್‌ಗಳು (ಬ್ರೇಕ್ ತಟ್ಟೆಯನ್ನು ಹಿಡಿಯುವ ಇಕ್ಕಳ) ಬಿಡದೆ ಹಿಡಿದುಕೊಳ್ಳುವುದು ಈ ಕಾರಿನ ಹಳೆಯ ಕಾಯಿಲೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ.

ಛಾವಣಿಯನ್ನು ಮಡಚಿಡದೆ ಮೇಲೆತ್ತಿಯೇ ಇಡಿ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದಾಗಿದ್ದರೆ ಮಡಚುವ ಮೊದಲು ಪ್ರತಿ ಸಲವೂ ಅದರ ಜಿಪ್ ಬಿಚ್ಚಿ ಮಲಗಿಸಬೇಕು. ಚಳಿಯಲ್ಲಿ ಮಡಚಿದರೆ ಸೀಳುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿರುವುದರಿಂದ ಅನಿಲ ಹೊರಹೋಗುವ ಕೊಳವೆಯಿರುವ ಮಾದರಿಯನ್ನೇ ಹಾಕಿಸಿ. ಮಾಮೂಲಿ ಬ್ಯಾಟರಿ ಹಾಕಿದವರ ಡಿಕ್ಕಿಯ ತಳ ಆಮ್ಲದಿಂದ ತೂತಾಗಬಹುದು. ಊರಿನಲ್ಲಿರುವಾಗ ಸ್ನೇಹಿತರಿಂದ ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಓಡಿಸುವುದು ಬೇಡ, ಸೈಲೆನ್ಸರ್‌ನೊಳಗೆ ನೀರು ಕಟ್ಟುತ್ತದೆ. ಅದರ ಬದಲು, ಜೋರು ಮಳೆಯಾದ ಮೇಲೆ ಒಮ್ಮೆ ಬಂದು ಆಸನಗಳ ಹಿಂದಿನ ಹಾಸನ್ನು ಕೈಯಿಂದ ಒತ್ತಿ ನೋಡಲು, ಒದ್ದೆಯಿದ್ದರೆ ಫೋನ್ ಮಾಡಲು ಅವರಿಗೆ ಹೇಳಿ ಬನ್ನಿ.