ಬರೋಕ್ ಮಿನ್ಯುಯೆಟ್ ಇವತ್ತಿನ ಪ್ರೇಕ್ಷಕರಿಗೆ ಬೋರ್ ಆಗದ ಹಾಗೆ ಮಾಡೋದು ಹೇಗೆ?

ಭರತನಾಟ್ಯ ಕಲಿತಿದ್ದೀರಿ, ಜರ್ಮನಿಯಲ್ಲಿ ಒಂದು ಬರೋಕ್ (ಯುರೋಪಿನ 17-18ನೇ ಶತಮಾನದ ಶೈಲಿ) ವಾದ್ಯವೃಂದ ಮಿನ್ಯುಯೆಟ್‌ಗೆ (ಆ ಕಾಲದ ಆಸ್ಥಾನದ ಜೋಡಿ ನೃತ್ಯ) ಕುಣಿಯೋಕೆ ಕರೆದಿದೆ, ಹಾಗೇ ಮಾಡಿದರೆ ಜನ ಆಕಳಿಸುತ್ತಾರೇನೋ ಅನ್ನುವ ಭಯ. ನಾನೂ ಹೀಗೇ ಶುರುಮಾಡಿದವಳು. ಜನ ಆಕಳಿಸಿಯೂ ಬಿಟ್ಟರು. ಆದರೆ ಆ ಎಡವಟ್ಟು ಮಾಡಿದ್ದು ನನ್ನ ಮಂಡಿ.

ನಮ್ಮಲ್ಲಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಪಾದ ನೆಲಕ್ಕೆ ಬೀಳಬೇಕು, ಭಾರವೂ ಕೆಳಗೇ. ತಟ್ಟಡವಿನ (ಪಾದ ತಟ್ಟುವ ಮೊದಲ ಪಾಠ) ಮೊದಲ ದಿನದಿಂದ ಮೈಗೆ ಅದೇ ಅಭ್ಯಾಸ. ಬರೋಕ್‌ನಲ್ಲಿ ಇದು ತಲೆಕೆಳಗು. ಮಂಡಿ ಬಗ್ಗಿಸುವ ಪ್ಲಿಯೆ ಸಮಕ್ಕೆ ಮುಂಚಿನ ಎಣಿಕೆಯಲ್ಲೇ ಮುಗಿದಿರಬೇಕು, ಸಮಕ್ಕೆ ಸರಿಯಾಗಿ ಮೈ ಮೇಲೇಳಬೇಕು.

ಬಿಡಿಸಿ ಹೇಳ್ತೀನಿ. ಮಿನ್ಯುಯೆಟ್‌ನ ಒಂದು ಪೂರ್ತಿ ಹೆಜ್ಜೆಗೆ ಮೂರು ಎಣಿಕೆಯ ಎರಡು ಬಾರ್ (ನಮ್ಮ ಆವರ್ತನದ ಹಾಗೆ) ಬೇಕು, ಒಟ್ಟು 6. ಅದರೊಳಗೆ ಕಾಲು ನಾಲ್ಕು ಸಲ ಇಡುತ್ತೀರಿ: ಬಲ, ಎಡ, ಬಲ, ಎಡ. ಹಿಂದಿನ 6ರಲ್ಲಿ ಬಗ್ಗಿ 1ಕ್ಕೆ ಬಲಗಾಲಿನ ಮೇಲೆ ಏಳಿ. 2ರಲ್ಲಿ ಬಗ್ಗಿ 3ಕ್ಕೆ ಎಡಗಾಲಿನ ಮೇಲೆ. 4, 5 ಬಗ್ಗದೆ ಬರೀ ನಡಿಗೆ, 5ರಲ್ಲಿ ಹಿಮ್ಮಡಿ ಇಳಿಸಿಕೊಂಡರೆ 6ಕ್ಕೆ ಬಗ್ಗಲು ಸಲೀಸು. ಕಾಲಿನ ಲೆಕ್ಕ 2+1+1+2, ಪಿಟೀಲಿನ ಲೆಕ್ಕ 3+3. ಈ ತಿಕ್ಕಾಟವೇ ಮಿನ್ಯುಯೆಟ್‌ನ ಸೊಗಸು.

ನಾನು 1ಕ್ಕೇ ಬಗ್ಗುತ್ತಿದ್ದೆ. ಹಾಗಾಗಿ ಏಳುವುದು 2ಕ್ಕೆ, ಪ್ರತಿ ಸಲವೂ ಒಂದು ಎಣಿಕೆ ತಡ. ಈ ವಾದಕರು ನರ್ತಕಿಯ ಮೈ ನೋಡಿಕೊಂಡು ನುಡಿಸುತ್ತಾರೆ. ನಾನು ಹಿಂದೆ ಬಿದ್ದೆ ಅಂದುಕೊಂಡು ಅವರು ನಿಧಾನ ಮಾಡಿದರು, ಅವರು ನಿಧಾನವಾದಷ್ಟೂ ನನ್ನ ಅರಮಂಡಿ (ಮಂಡಿ ಅರ್ಧ ಬಗ್ಗಿಸಿದ ನಿಲುವು) ಆಳವಾಯಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ಮಿನ್ಯುಯೆಟ್ ಅನ್ನೋದು ಪಲ್ಲಕ್ಕಿ ಉತ್ಸವ ಆಗಿತ್ತು. ಆ ತಂಡ ಮತ್ತೆ ಕರೆಯಲಿಲ್ಲ.

ಇದನ್ನು ಕಳೆದುಕೊಳ್ಳೋಕೆ ಮೊದಲ ಎರಡು ವಾರ ಸಂಗೀತವೇ ಬೇಡ. ಮೆಟ್ರೋನೋಮ್ (ಎಣಿಕೆ ತಟ್ಟುವ ಯಂತ್ರ) ನಿಮಿಷಕ್ಕೆ 100ರಲ್ಲಿಟ್ಟು ಶುರುಮಾಡಿ, ನಿಧಾನಕ್ಕೆ 132ರ ಹತ್ತಿರ ತನ್ನಿ. ಬಾಯಲ್ಲಿ 'ಆರು' ಅಂತ ಜೋರಾಗಿ, 'ಒಂದು' ಅಂತ ಮೆಲ್ಲಗೆ ಹೇಳಿ. ಪಕ್ಕದಿಂದ ಫೋನಲ್ಲಿ ವಿಡಿಯೋ ಮಾಡಿ 1ರ ಹತ್ತಿರ ನಿಲ್ಲಿಸಿ ನೋಡಿ: ತಲೆ ಅತಿ ಎತ್ತರದಲ್ಲಿರಬೇಕು. ಬಗ್ಗುವುದು ಹಿಮ್ಮಡಿ ನೆಲ ಬಿಡದಷ್ಟು ಮಾತ್ರ. ಅರಮಂಡಿಯ ಕಾಲುಭಾಗವೂ ಬೇಡ.

ಇನ್ನು ನಿಮ್ಮ ಪ್ರಶ್ನೆ, 'ಮುದ್ರೆ ಸೇರಿಸಿ ಫ್ಯೂಷನ್ ಮಾಡಲಾ, ಅರ್ಧಕ್ಕೆ ಕತ್ತರಿಸಲಾ?' ಎರಡೂ ಬೇಡ. ಹಳೇದು ಅಂತ ಜನ ಬೇಸರಪಡುವುದಿಲ್ಲ. ಫ್ರೆಂಚ್ ಆಸ್ಥಾನದ ಸಂಗೀತಗಾರ ಲುಲಿಯ 1676ರ ಒಪೆರಾ (ಹಾಡುನಾಟಕ) 'ಆತಿಸ್' ಅನ್ನು 1987ರಲ್ಲಿ ವಿಲಿಯಂ ಕ್ರಿಸ್ಟಿಯ ತಂಡ ಪ್ಯಾರಿಸ್‌ನಲ್ಲಿ ಆಡಿತು, ನೃತ್ಯ ಫ್ರಾನ್ಸೀನ್ ಲಾನ್ಸೆಲೋ ಅವರದು. ಮೂರು ಗಂಟೆ ಮೀರಿದ ಪ್ರದರ್ಶನ. ಜನ ಎಷ್ಟು ಮೆಚ್ಚಿದರೆಂದರೆ 2011ರಲ್ಲಿ ಅದನ್ನೇ ಮತ್ತೆ ಕಟ್ಟಿದರು.

ಸ್ವಂತಿಕೆಗೆ ಜಾಗ ಬೇರೆ ಕಡೆ ಇದೆ. 1700ರಲ್ಲಿ ಫ್ರೆಂಚ್ ನೃತ್ಯಗುರು ಫೂಯೆ ಅಚ್ಚು ಹಾಕಿಸಿದ, ನೃತ್ಯ ಬರೆದಿಡುವ ಲಿಪಿಯಲ್ಲಿ ಹಾಳೆಯೇ ರಂಗದ ನೆಲ. ಮೇಲಂಚು ರಾಜ ಕೂತಿದ್ದ ದಿಕ್ಕು, ಉದ್ದ ಗೆರೆ ನೀವು ನಡೆಯುವ ದಾರಿ, ಅದಕ್ಕೆ ಅಡ್ಡ ಎಳೆದ ಪುಟ್ಟ ಗೀಟು ಬಾರ್. ಆ ಲಿಪಿಯಲ್ಲಿ ಮುನ್ನೂರಕ್ಕೂ ಹೆಚ್ಚು ನೃತ್ಯಗಳು ಉಳಿದಿವೆ, ಆದರೆ ಹೆಚ್ಚಿನವುಗಳಲ್ಲಿ ಕೈ ಬರೆದಿಲ್ಲ. ಬಲಗಾಲು ಮುಂದಿದ್ದರೆ ಎಡಗೈ ಅನ್ನುವ ನಿಯಮ ಬಿಡದೆ ಕೈಯನ್ನು ನೀವೇ ಕಟ್ಟಿಕೊಳ್ಳಿ. ಗೀಟುಗಳನ್ನು ಎಣಿಸಿ, ಸಂಗೀತದ ಪ್ರತಿ ಭಾಗ ಎಷ್ಟು ಸಲ ಬೇಕು ಅಂತ ವಾದಕರಿಗೆ ಬರೆದುಕೊಡಿ. ಕಛೇರಿಗೆ ಅಂತ ನುಡಿಸುವಾಗ ಅವರು ಎರಡನೇ ಸಲ ಬಿಟ್ಟುಬಿಡುವುದುಂಟು. ಬಿಟ್ಟರೆ ನೀವು ರಂಗದ ಮಧ್ಯೆ ಸಿಕ್ಕಿಬೀಳ್ತೀರಿ.

ಜನಕ್ಕೆ ಹಿಡಿಸಬೇಕಾದರೆ ಸಭಾಂಗಣ ನೋಡಿ ಒಪ್ಪಿಕೊಳ್ಳಿ. ಮಿನ್ಯುಯೆಟ್‌ನಲ್ಲಿ ಜೋಡಿ ನೆಲದ ಮೇಲೆ Z ಆಕಾರ ಬಿಡಿಸುತ್ತದೆ. ಸಮತಟ್ಟು ಕುರ್ಚಿಗಳಿಂದ ಅದು ಕಾಣುವುದೇ ಇಲ್ಲ, ಎರಡನೇ ಸಾಲಿನವರಿಗೆ ಪಾದವೂ ಕಾಣದು. ಬಾಲ್ಕನಿ ಅಥವಾ ಮೆಟ್ಟಿಲು ಆಸನ ಇರುವ ಜಾಗ ಕೇಳಿ.

ಬರಿಗಾಲಲ್ಲಂತೂ ಬೇಡ. ಗಿಡ್ಡ ಹಿಮ್ಮಡಿಯ ಶೂ ಇವತ್ತೇ ತಗೊಂಡು, ಅದರಲ್ಲೇ ಅಭ್ಯಾಸ ಮಾಡಿ.